ಆಪರೇಷನ್‌ಗೆ ಮೊದಲು ಪೂರ್ವಾನುಮತಿ: ಬಂಕಾಪುರದವರು ಹಿಡಿಯಬೇಕಾದ ದಾರಿ

ಬಂಕಾಪುರದ ರೈತರೊಬ್ಬರಿಗೆ ಹೃದಯದ ಕವಾಟ ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಮನೆಯವರು ಮೊದಲು ಸಾಲಕ್ಕೆ ಓಡಾಡುತ್ತಾರೆ, ಕಾಗದಪತ್ರದ ನೆನಪಾಗುವುದು ಆಮೇಲೆ. ಈ ಕ್ರಮ ಅದಲುಬದಲಾಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ) ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ಮಿತಿ ವರ್ಷಕ್ಕೆ 1.5 ಲಕ್ಷ.

ಆದರೆ ಇದು ಬಿಲ್ ಕಟ್ಟಿ ಆಮೇಲೆ ಹಣ ವಾಪಸ್ ಪಡೆಯುವ ಯೋಜನೆಯಲ್ಲ. ಆಪರೇಷನ್‌ಗೆ ಮೊದಲೇ ಪೂರ್ವಾನುಮತಿ, ಅಂದರೆ ‘ಪ್ರೀ-ಆಥ್’, ಸಿಗಬೇಕು.

ಹಂತ 1: ರೆಫರಲ್ ಪತ್ರ
ರೇಷನ್ ಕಾರ್ಡ್, ಆಧಾರ್ ಹಿಡಿದು ಶಿಗ್ಗಾವಿ ತಾಲ್ಲೂಕು ಆಸ್ಪತ್ರೆಗೋ ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹೋಗಿ. ಹಾನಗಲ್, ಸವಣೂರು, ಹಿರೇಕೆರೂರಿನವರು ತಮ್ಮ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಬಹುದು. ಬೇಕಾದ ಚಿಕಿತ್ಸೆ ಅಲ್ಲಿಲ್ಲದಿದ್ದರೆ ವೈದ್ಯರು ರೆಫರಲ್ ಪತ್ರ ಕೊಡುತ್ತಾರೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ. ಜೀವಕ್ಕೆ ಅಪಾಯವಿದ್ದಾಗ ಪತ್ರಕ್ಕಾಗಿ ಕಾಯಬೇಡಿ.

ಹಂತ 2: ಆಸ್ಪತ್ರೆಯ ಆಯ್ಕೆ
ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಯನ್ನೇ ಆರಿಸಿ. ಈ ಭಾಗದವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಖಾಸಗಿಯಾದರೆ, ನಿಮ್ಮ ಕಾಯಿಲೆಯ ವಿಭಾಗಕ್ಕೂ ನೋಂದಣಿ ಇದೆಯೇ ಎಂದು ಮೊದಲೇ ಕೇಳಿ. ಸಹಾಯವಾಣಿ: 14555.

ಹಂತ 3: ಆರೋಗ್ಯ ಮಿತ್ರರ ಭೇಟಿ
ದಾಖಲಾಗುವ ಮೊದಲೇ, ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಾಣಿ. ಕಾರ್ಡ್ ನೋಡಿ ಅರ್ಹತೆ ಖಚಿತಪಡಿಸುವವರು ಅವರೇ. ಆಧಾರ್ ಮತ್ತು ರೇಷನ್ ಕಾರ್ಡ್‌ನಲ್ಲಿ ಹೆಸರು ಬೇರೆ ಬೇರೆ ಇದ್ದರೆ ಊರಲ್ಲಿರುವಾಗಲೇ ತಿದ್ದಿಸಿಕೊಂಡು ಹೋಗುವುದು ಕ್ಷೇಮ.

ಹಂತ 4: ಅರ್ಜಿ
ರೋಗನಿರ್ಣಯ, ಪ್ಯಾಕೇಜ್ ಕೋಡ್, ಪರೀಕ್ಷಾ ವರದಿಗಳನ್ನು ಆಸ್ಪತ್ರೆಯು ಆನ್‌ಲೈನ್‌ನಲ್ಲಿ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಕಳಿಸುತ್ತದೆ. ಅಲ್ಲಿನ ವೈದ್ಯರು ರೋಗಿಯನ್ನು ಕಣ್ಣಾರೆ ನೋಡುವುದಿಲ್ಲ. ವರದಿ ನೋಡಿಯೇ ತೀರ್ಮಾನಿಸುತ್ತಾರೆ. ಕವಾಟದ ಆಪರೇಷನ್‌ಗೆ ಎಕೋ (ಹೃದಯದ ಸ್ಕ್ಯಾನ್) ವರದಿ ಇಲ್ಲದಿದ್ದರೆ, ಅಥವಾ ಓದಲಾಗದಷ್ಟು ಮಸುಕಾಗಿದ್ದರೆ, ಅರ್ಜಿ ಪ್ರಶ್ನೆ ಹೊತ್ತು ವಾಪಸಾಗುತ್ತದೆ. ಎಲ್ಲ ಮೂಲ ವರದಿಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿಡಿ.

ಹಂತ 5: ಉತ್ತರ
ಮಂಜೂರು, ಪ್ರಶ್ನೆ, ತಿರಸ್ಕಾರ – ಬರುವ ಉತ್ತರ ಈ ಮೂರರಲ್ಲಿ ಒಂದು. ಪ್ರಶ್ನೆ ಬಂದರೆ ಕೇಳಿದ ದಾಖಲೆಯನ್ನು ಅಂದೇ ಒದಗಿಸಿ. ತಿರಸ್ಕಾರವಾದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ.

ಖಾಸಗಿ ವಿಮೆ ಇದ್ದವರಿಗೆ
ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸೂಚಿಸಿದೆ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ರೂಪಿಸಿದ ‘ನ್ಯಾಷನಲ್ ಹೆಲ್ತ್ ಕ್ಲೇಮ್ಸ್ ಎಕ್ಸ್‌ಚೇಂಜ್’ ಇಂಥ ಕೋರಿಕೆಗಳನ್ನು ರವಾನಿಸುವ ವೇದಿಕೆ. ಆಸ್ಪತ್ರೆಯ ಸಾಫ್ಟ್‌ವೇರ್ ಅದಕ್ಕೆ ಜೋಡಣೆಯಾದರೆ, ಒಂದೊಂದು ಕಂಪನಿಯ ಪೋರ್ಟಲ್‌ನಲ್ಲೂ ಬೇರೆ ಬೇರೆ ಅರ್ಜಿ ತುಂಬಬೇಕಿಲ್ಲ. ಆ ವೇದಿಕೆಗೆ ಸೇರಿದ ಎಲ್ಲ ಕಂಪನಿಗಳಿಗೂ ಒಂದೇ ನಮೂನೆ ಸಾಕು. ಡಿಸ್ಚಾರ್ಜ್‌ಗೆ ಅಂತಿಮ ಒಪ್ಪಿಗೆ ಮೂರು ಗಂಟೆ ಮೀರಿ, ಆ ತಡಕ್ಕೆ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಟ್ಟಬೇಕಾದದ್ದು ವಿಮಾ ಕಂಪನಿ, ರೋಗಿಯಲ್ಲ.