ಅಂಗಾಲಿನ ಗಂಟು, ಕೀವಿನಲ್ಲಿ ಕಪ್ಪು ಕಾಳು

ಪ್ರಶ್ನೆ: ನಮ್ಮ ತಂದೆ ರೈತರು. ಎಂದೋ ಜಾಲಿಮುಳ್ಳು ನಟ್ಟಿದ್ದ ಅಂಗಾಲಿನಲ್ಲಿ ಗಂಟು ಬೆಳೆದು, ಈಗ ಕೀವಿನ ಜೊತೆ ಕಪ್ಪು ಕಾಳುಗಳು ಬರುತ್ತಿವೆ. ನೋವಿಲ್ಲ. ಶಿಲೀಂಧ್ರದ ಸೋಂಕು ಇರಬಹುದು ಎನ್ನುತ್ತಾರೆ. ಗಜಕರ್ಣದ ಮುಲಾಮು ಸಾಕಲ್ಲವೇ?

ಉತ್ತರ: ಸಾಲದು. ಗಜಕರ್ಣದ ಶಿಲೀಂಧ್ರ ಚರ್ಮದ ಮೇಲ್ಪದರ ಬಿಟ್ಟು ಒಳಗಿಳಿಯುವುದಿಲ್ಲ. ನೀವು ಬರೆದಿರುವ ಲಕ್ಷಣಗಳು ಮೈಸಿಟೋಮಾ ಕಾಯಿಲೆಯವು. 1842ರಲ್ಲಿ ಗಿಲ್ ಎಂಬ ವೈದ್ಯರು ಮದುರೈನಲ್ಲಿ ಇದನ್ನು ಗುರುತಿಸಿದ್ದರಿಂದ ಇದಕ್ಕೆ ‘ಮದುರಾ ಫುಟ್’ ಎಂಬ ಹೆಸರೂ ಇದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ಮುಳ್ಳಿನ ಗಾಯದ ಮೂಲಕ ಒಳಹೊಕ್ಕು, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಮೂಳೆಯನ್ನೂ ತಿನ್ನುತ್ತದೆ. ನೋವಿಲ್ಲವೆಂದೇ ಜನ ತಡ ಮಾಡುತ್ತಾರೆ. ಕಾಲು ಕಳೆದುಕೊಳ್ಳುವುದೂ ಹೀಗೆಯೇ.

ಆ ಕಾಳುಗಳನ್ನು ಒರೆಸಿ ಎಸೆಯಬೇಡಿ. ಅವು ಆ ಸೂಕ್ಷ್ಮಜೀವಿಯವೇ ಗುಂಪುಗಳು. ಕಪ್ಪಾಗಿದ್ದರೆ ಬಹುಮಟ್ಟಿಗೆ ಶಿಲೀಂಧ್ರ, ಕೆಂಪಾಗಿದ್ದರೆ ಬ್ಯಾಕ್ಟೀರಿಯಾ. ಬಿಳಿ ಅಥವಾ ಹಳದಿಯಾದರೆ ಎರಡೂ ಇರಬಹುದು. ಬಣ್ಣವೊಂದನ್ನೇ ನಂಬದೆ ಆಳದಿಂದ ತುಣುಕು ತೆಗೆದು ಬಯಾಪ್ಸಿ, ಕಲ್ಚರ್ ಮಾಡಿಸಲೇಬೇಕು, ಏಕೆಂದರೆ ಎರಡರ ಔಷಧವೂ ಬೇರೆ. ಬ್ಯಾಕ್ಟೀರಿಯಾದ ಬಗೆ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್‌ಗಳಿಗೆ ಚೆನ್ನಾಗಿ ಬಗ್ಗುತ್ತದೆ. ಶಿಲೀಂಧ್ರದ ಬಗೆ ಹಟಮಾರಿ. ಇಟ್ರಾಕೊನಜೋಲ್ ಮಾತ್ರೆಯನ್ನು ಸಾಮಾನ್ಯವಾಗಿ ವರ್ಷ ಕಾಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾ ನುಂಗಬೇಕು. ಜೊತೆಗೆ ಅನೇಕರಿಗೆ ಶಸ್ತ್ರಚಿಕಿತ್ಸೆಯೂ ಬೇಕು. ಚಿಕ್ಕ ಗಂಟಿದ್ದಾಗಲೇ ಬಂದವರಿಗೆ ಫಲ ಹೆಚ್ಚು. ಊರಲ್ಲಿ ಯಾರೋ ಅರ್ಧಂಬರ್ಧ ಕೊಯ್ದರೆ ಮತ್ತೆ ಮರಳುತ್ತದೆ.

ಚರ್ಮದಡಿಯ ಎಲ್ಲ ಶಿಲೀಂಧ್ರವೂ ಇಷ್ಟು ಕಾಡುವುದಿಲ್ಲ. ಹಿಮಾಲಯದ ತಪ್ಪಲಿನಲ್ಲಿ ಹೆಚ್ಚು ಕಾಣುವ ಸ್ಪೊರೊಟ್ರೈಕೋಸಿಸ್‌ನಲ್ಲಿ ಗಾಯದಿಂದ ತೋಳಿನುದ್ದಕ್ಕೂ ಗಂಟುಗಳು ಸಾಲಾಗಿ ಏಳುತ್ತವೆ. ಅಗ್ಗದ, ಹಳೆಯ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಅದಕ್ಕೆ ಇಂದಿಗೂ ಕೆಲಸ ಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮೈಸಿಟೋಮಾವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಬರಿಗಾಲಲ್ಲಿ ದುಡಿಯುವವರ ಕಾಯಿಲೆಯಾದ್ದರಿಂದಲೇ ಇಷ್ಟು ತಡವಾಯಿತು ಎಂಬುದು ನನ್ನ ಅನಿಸಿಕೆ.

ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮನೆಯವರು ಹೆದರಬೇಕಾಗಿಲ್ಲ. ತಂದೆಯವರನ್ನು ಈ ವಾರವೇ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ದು, ಪಾದದ ಎಕ್ಸ್‌ರೇ ಮತ್ತು ಬಯಾಪ್ಸಿ ಮಾಡಿಸಿ.