ಹಳೆಯ ಟ್ರ್ಯಾಕ್ಟರಿನ ಕೆಳಗೆ ಎಣ್ಣೆ ತೊಟ್ಟಿಕ್ಕಿದರೆ

ರಾತ್ರಿ ಟ್ರ್ಯಾಕ್ಟರು ನಿಂತ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಕಲೆ ಕಂಡರೆ, ‘ಹಳೆಯ ಗಾಡಿ, ಸೋರುವುದು ಸಹಜ’ ಎಂದು ಅನೇಕರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಕೂಡಲೇ ಗೇರ್ ಬಾಕ್ಸ್ ಬಿಚ್ಚಿಸುತ್ತಾರೆ. ಎರಡೂ ನಷ್ಟದ ದಾರಿಗಳೇ. ನಿಮಿಷಕ್ಕೆ ೧೦ ಹನಿ ಬಿದ್ದರೆ ದಿನಕ್ಕೆ ೧೪,೪೦೦ ಹನಿ. ೩೦ ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಸುಮಾರು ಅರ್ಧ ಲೀಟರ್ ಎಣ್ಣೆ ಮಣ್ಣುಪಾಲು.

ನಮ್ಮ ಕಡೆಯ ರೈತರೊಬ್ಬರು ಮುಂಗಾರಿನ ಹೊತ್ತಿನಲ್ಲಿ, ಕ್ಲಚ್ಚಿನ ಬಳಿಯ ಸೀಲ್ ಹೋಗಿದೆಯೆಂದು ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಿಸಿದರು. ಸೀಲ್ ಚೆನ್ನಾಗಿಯೇ ಇತ್ತು. ಸೋರುತ್ತಿದ್ದುದು ಮೇಲಿನ ಲಿಫ್ಟ್ ಪೈಪಿನ ಸಡಿಲವಾದ ನಟ್ಟು! ಅಷ್ಟರಲ್ಲಿ ಬಿತ್ತನೆಯ ಹದ ತಪ್ಪಿತ್ತು. ಹನಿ ಬೀಳುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಇದನ್ನು ಮರೆಯಬಾರದು.

ಯಾವ ಎಣ್ಣೆಯೆಂದು ತಿಳಿಯುವುದು

ರಾತ್ರಿ ಟ್ರ್ಯಾಕ್ಟರಿನ ಕೆಳಗೆ ಒಂದು ರಟ್ಟನ್ನು ಹಾಸಿರಿ. ಬೆಳಿಗ್ಗೆ ಕಲೆಯನ್ನು ನೋಡಿರಿ.

ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಸಾಮಾನ್ಯವಾಗಿ ಇಂಜಿನ್ ಆಯಿಲ್. ಜೇನಿನ ಬಣ್ಣ ಅಥವಾ ಕಂದು ಬಣ್ಣವಿದ್ದರೆ ಗೇರ್ ಬಾಕ್ಸಿನ ಎಣ್ಣೆ. ಪವರ್ ಸ್ಟೀರಿಂಗ್ ಇರುವ ಕೆಲವು ಟ್ರ್ಯಾಕ್ಟರುಗಳಲ್ಲಿ ಅದರ ಎಣ್ಣೆ ಕೆಂಪಗಿರುತ್ತದೆ. ಡೀಸೆಲ್ ವಾಸನೆಯಿಂದಲೇ ಗೊತ್ತಾಗುತ್ತದೆ. ಸಂಶಯವಿದ್ದರೆ ಸಮನೆಲದಲ್ಲಿ ನಿಲ್ಲಿಸಿ ಅಳತೆ ಕಡ್ಡಿಗಳನ್ನು ನೋಡಿರಿ. ಯಾವುದರ ಮಟ್ಟ ಇಳಿದಿದೆಯೋ ಅದೇ ಸೋರುತ್ತಿದೆ.

ಎಲ್ಲಿಂದ ಸೋರುತ್ತಿದೆ?

೧. ಇಂಜಿನ್ ತಣ್ಣಗಿರುವಾಗ ಡೀಸೆಲ್ ಮತ್ತು ಬ್ರಷ್ಷಿನಿಂದ ಜಿಡ್ಡನ್ನೆಲ್ಲ ತೊಳೆದು, ಬಟ್ಟೆಯಿಂದ ಒರಸಿ, ಪೂರ್ತಿ ಒಣಗಿಸಿರಿ.

೨. ಸಂಶಯದ ಜಾಗಗಳಿಗೆ ಸೀಮೆಸುಣ್ಣದ ಪುಡಿ ಸವರಿರಿ.

೩. ಅರ್ಧ ಗಂಟೆ ಕೆಲಸ ಮಾಡಿಸಿ, ಲಿಫ್ಟನ್ನೂ ಎತ್ತಿ ಇಳಿಸಿರಿ.

೪. ನೇಗಿಲನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿರಿ. ಪುಡಿ ಒದ್ದೆಯಾದ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ.

ಪೈಪಿನ ಸೋರಿಕೆಯನ್ನು ಬೆರಳಿನಿಂದ ಎಂದಿಗೂ ಹುಡುಕಬೇಡಿರಿ. ಒತ್ತಡದ ಸಣ್ಣ ಚಿಲುಮೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜಾಗದಿಂದ ಕಾರಣ ತಿಳಿಯುವುದು

ಮೊದಲು ಗೇರ್ ಬಾಕ್ಸಿನ ಗಾಳಿಕಿಂಡಿಯನ್ನು (ಬ್ರೀದರ್) ನೋಡಿರಿ. ಇದು ಕೆಸರಿನಿಂದ ಮುಚ್ಚಿದರೆ, ಬಿಸಿಯಾದ ಒಳಗಿನ ಗಾಳಿ ಹೊರಬರಲಾರದೆ ಎಣ್ಣೆಯನ್ನು ಸೀಲುಗಳ ಸಂದಿಯಿಂದ ತಳ್ಳುತ್ತದೆ. ಇದನ್ನು ಶುಚಿಮಾಡದೆ ಹೊಸ ಸೀಲ್ ಹಾಕಿಸಿದರೆ ಅದೂ ಸೋರುತ್ತದೆ.

ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ತೂತು ಇದ್ದು, ಅದರಲ್ಲಿ ಪಿನ್ನು ತೂಗಾಡುತ್ತಿರುತ್ತದೆ. ಅಲ್ಲಿಂದ ಕಪ್ಪು ಎಣ್ಣೆ ಬಂದರೆ ಇಂಜಿನ್ನಿನ ಹಿಂಬದಿಯ ಸೀಲ್, ಕಂದು ಎಣ್ಣೆ ಬಂದರೆ ಗೇರ್ ಬಾಕ್ಸಿನ ಮುಂದಿನ ಸೀಲ್ ಸಂಶಯಕ್ಕೆ ಒಳಗಾಗುತ್ತದೆ. ಟ್ರ್ಯಾಕ್ಟರು ಬೇರ್ಪಡಿಸುವ ಮಾತು ಬರುವುದು ಈಗ ಮಾತ್ರ. ಈ ತೂತನ್ನು ಮುಚ್ಚಕೂಡದು. ಮುಚ್ಚಿದರೆ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ತಗಲಿ, ಕ್ಲಚ್ ಜಾರುತ್ತದೆ.

ಪಿ.ಟಿ.ಓ. ಶಾಫ್ಟಿನ ಬಳಿ ಸೋರಿದರೆ ಹುಲ್ಲು, ಹಗ್ಗ, ತಂತಿ ಸುತ್ತಿಕೊಂಡು ಸೀಲನ್ನು ಕೊಯ್ದಿದೆಯೇ ನೋಡಿರಿ. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಒಣ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ಬ್ರೇಕಿಗೂ ತಗಲಿರಬಹುದು. ದುರಸ್ತಿಯಾಗುವವರೆಗೆ ಟ್ರೇಲರ್ ಕಟ್ಟಿ ರಸ್ತೆಗೆ ಇಳಿಯಲೇಬೇಡಿರಿ. ಇದು ಪ್ರಾಣದ ಮಾತು.

ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಗದ್ದೆಯ ಕೆಸರು ಉಳುಮೆಯ ನಂತರ ಇದನ್ನು ತಪ್ಪದೆ ಪರೀಕ್ಷಿಸಬೇಕು. ಮೇಲೆ ಹೊಸ ಎಣ್ಣೆ ಸುರಿದರೆ ಸಾಲದು. ನೀರು ಬಂದ ದಾರಿಯನ್ನು ಸರಿಪಡಿಸಿ, ಎಲ್ಲವನ್ನೂ ಬದಲಾಯಿಸಬೇಕು.

ಎಣ್ಣೆಯ ಮಟ್ಟ

ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ. ಆದುದರಿಂದ ಎಣ್ಣೆ ಇಳಿದಾಗ ಲಿಫ್ಟ್ ಜಗ್ಗುತ್ತಾ, ನರಳುತ್ತಾ ಏಳುತ್ತದೆ. ಗುರುತಿಗಿಂತ ಹೆಚ್ಚು ಸುರಿದರೂ ತಪ್ಪು, ಗಾಳಿಕಿಂಡಿಯಿಂದ ಉಕ್ಕೀತು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿರಿ.

ಮೆಕ್ಯಾನಿಕ್ಕಿನ ಬಳಿ ಹೋಗುವಾಗ ‘ಸೋರುತ್ತಿದೆ’ ಎಂದಷ್ಟೇ ಹೇಳದೆ, ಯಾವ ಎಣ್ಣೆ, ಎಲ್ಲಿಂದ, ಎಷ್ಟು ಎಂಬ ಮೂರನ್ನೂ ಹೇಳಿರಿ. ಎತ್ತಿನ ಕಾಲನ್ನು ದಿನವೂ ನೋಡುವ ರೈತನಿಗೆ ಟ್ರ್ಯಾಕ್ಟರಿನ ಅಡಿಯನ್ನು ನೋಡುವುದು ಹೊರೆಯಲ್ಲ.