ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ

ನೋಡು ತಮ್ಮಾ, ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿ ನಿನಗೊಂದು ನೀರುಹುಳ ಸಿಕ್ಕಿತು. ಫೋನಿನಲ್ಲಿ ಫೋಟೋ ಹೊಡೆದೆ, ಗೂಗಲ್‌ನಲ್ಲಿ ಹುಡುಕಿದೆ, ಅಂಥದ್ದು ಕಾಣಲಿಲ್ಲ. ಅಷ್ಟಕ್ಕೇ ಲೋಕಕ್ಕೆ ಗೊತ್ತಿಲ್ಲದ ಪ್ರಭೇದ ಎಂದು ತೀರ್ಮಾನಿಸಿ, ಅದಕ್ಕೆ ಅಜ್ಜಿಯ ಹೆಸರಿಡಲು ಹೊರಟಿದ್ದೀಯ. ಅಜ್ಜಿಗೇನೋ ಖುಷಿ. ಆದರೆ ನಿನ್ನ ಹುಳ ಚಪ್ಪಟೆಯಾಗಿದೆ, ಕಂದು ಬಣ್ಣ, ಬೆನ್ನ ಮೇಲೆ ಸಾಲಾಗಿ ಅಂಟಿಸಿದ ಮೊಟ್ಟೆ. ಬಹುಶಃ ಡಿಪ್ಲೋನೈಕಸ್ ರಸ್ಟಿಕಸ್. ಫ್ಯಾಬ್ರಿಸಿಯಸ್ ಎಂಬ ಡೆನ್ಮಾರ್ಕಿನ ಪಂಡಿತ 18ನೇ ಶತಮಾನದಲ್ಲೇ ಅದಕ್ಕೆ ಹೆಸರಿಟ್ಟು ಮುಗಿಸಿದ್ದಾನೆ. ಮೊಟ್ಟೆ ಹೊತ್ತು ತಿರುಗುವುದು ತಾಯಿಯಲ್ಲ, ಅಪ್ಪ. ನಮ್ಮ ಗಂಡಸರಿಗೆ ಇದನ್ನು ಹೇಳಿದರೆ ಮುಖ ತಿರುಗಿಸುತ್ತಾರೆ.

'ಬಹುಶಃ' ಎಂದೆ, ಗಮನಿಸಿದೆಯಾ? ಇದೇ ಕುಲದಲ್ಲಿ ಅನ್ಯುಲೇಟಸ್ ಎಂಬ ಇನ್ನೂ ದೊಡ್ಡ ಹುಳವಿದೆ. ಅಳತೆಯಿಲ್ಲದ ಒಂದು ಫೋಟೋ ನೋಡಿ ಇದಕ್ಕಿಂತ ಹೆಚ್ಚು ಹೇಳುವವನನ್ನು ನಂಬಬೇಡ. ಹುಳದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ಹೊಡೆಯಲು ನಿನಗೆ ಎಷ್ಟು ಹೊತ್ತು ಬೇಕಿತ್ತು?

ನಿನ್ನ ಕಣ್ಣು ಚುರುಕು, ಅದಕ್ಕೇ ಬೈಯುತ್ತಿದ್ದೇನೆ. ಮೊನ್ನೆ ಹಳ್ಳದ ಕಲ್ಲು ಎತ್ತಿ, ಅಡಿಯಲ್ಲಿದ್ದ ಎರಡು ಬಾಲದ ಮರಿ ತೋರಿಸಿ "ಸ್ಟೋನ್‌ಫ್ಲೈ" ಎಂದೆ. ಸ್ಟೋನ್‌ಫ್ಲೈಗೆ ತಂಪಾದ, ಹರಿಯುವ ನೀರು ಬೇಕು. ಏಪ್ರಿಲ್‌ನಲ್ಲಿ ಕೈಯಿಟ್ಟರೆ ಸುಡುವ ನಮ್ಮ ನೀರಿಗೆ ಅದು ಯಾಕೆ ಬಂತು ಎಂದು ಮೊದಲು ಕೇಳಿಕೊಳ್ಳಬೇಕಿತ್ತು. ಮೇಫ್ಲೈ ಎಂಬ ಇನ್ನೊಂದು ನೀರುಹುಳವಿದೆ; ಅದರ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಕೆಲವಕ್ಕೆ ಎರಡೇ. ಬಾಲ ಎಣಿಸಿದವನು ಅಲ್ಲೇ ಮೋಸ ಹೋಗುತ್ತಾನೆ. ಕಾಲಿನ ತುದಿ ನೋಡು. ಒಂದೇ ಉಗುರಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ಹೊಟ್ಟೆಯ ಪಕ್ಕಗಳಲ್ಲಿ ಎಲೆಯಂಥ ಕಿವಿರು ಅಲ್ಲಾಡುತ್ತಿದ್ದರೂ ಮೇಫ್ಲೈಯೇ. ಒಂದು ಕೈಮಸೂರ, ಎರಡು ನಿಮಿಷ ತಾಳ್ಮೆ, ಇಷ್ಟೇ ಖರ್ಚು.

ಮರಿ ನೋಡಿ ಪ್ರಭೇದದ ಹೆಸರು ಹೇಳುವುದು ಬಹಳ ಸಲ ಆಗದ ಮಾತು. ಅದನ್ನು ಸಾಕು. ಹಳ್ಳದ ನೀರೇ ಇರುವ ಡಬ್ಬಿ, ಒಂದೆರಡು ಕಲ್ಲು, ಬಾಯಿಗೆ ಬಲೆಬಟ್ಟೆ, ನೆರಳು. ರೆಕ್ಕೆ ಬಂದ ಕೂಡಲೇ ಹಾರಿ ಬಂದು ನನಗೆ ಹೇಳಬೇಡ. ಮೇಫ್ಲೈ ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುತ್ತದೆ; ಕೀಟಗಳಲ್ಲಿ ಹಾಗೆ ಮಾಡುವುದು ಅದೊಂದೇ. ಮಬ್ಬು ರೆಕ್ಕೆ ಹೋಗಿ ತಿಳಿ ರೆಕ್ಕೆ ಬರುವವರೆಗೆ ಕಾಯಿ. ಹೆಸರು ಸಿಗುವುದು ಹೆಚ್ಚಾಗಿ ಆ ಬಲಿತ ಗಂಡಿನಿಂದ. ಕ್ಯಾಡಿಸ್ ಎಂಬ ಮತ್ತೊಂದು ನೀರುಹುಳದ ಕಥೆ ಇನ್ನೂ ಫಜೀತಿಯದು. ಗಂಡಿನ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಪೊಟ್ಯಾಷಿನಲ್ಲಿ ನೆನೆಸಿ, ಒಳಗಿನ ಮಾಂಸ ಕರಗಿಸಿ, ಸೂಕ್ಷ್ಮದರ್ಶಕದಡಿ ಜನನಾಂಗದ ಆಕಾರ ನೋಡಿ, ಚಿತ್ರ ಬರೆದರೇ ಅದು ಯಾರೆಂದು ತಿಳಿಯುವುದು. ರೆಕ್ಕೆಯ ಬಣ್ಣ ನೋಡಿ ಹೆಸರಿಟ್ಟವರು ಹಿಂದೆ ಬೇಕಾದಷ್ಟಿದ್ದರು. ಅವರಿಟ್ಟ ಹೆಸರುಗಳನ್ನು ಬಿಡಿಸುತ್ತ ಮುಂದಿನವರ ಆಯುಷ್ಯ ಸವೆಯಿತು.

ಕ್ಯಾಡಿಸ್ ಎಂದ ಮೇಲೆ ದಕ್ಷಿಣ ಅಮೆರಿಕದ ಮಾತೊಂದು ಹೇಳಬೇಕು. ಫ್ರಿಟ್ಜ್ ಮುಲ್ಲರ್ ಎಂಬಾತ 1852ರಲ್ಲಿ ಜರ್ಮನಿ ಬಿಟ್ಟು ಬ್ರೆಜಿಲ್‌ಗೆ ಹೋದ. ಬ್ಲೂಮೆನೌ ಎಂಬಲ್ಲಿ ಕಾಡು ಕಡಿದು ಹೊಲ ಮಾಡಿಕೊಂಡ. ನಿನ್ನ ಅಪ್ಪನ ಹಾಗೆ ಒಕ್ಕಲುತನ. ಅದರ ನಡುವೆಯೇ ಅಲ್ಲಿನ ತೊರೆಗಳಲ್ಲಿ ಕ್ಯಾಡಿಸ್ ಮರಿಗಳು ಮರಳು, ಎಲೆ, ಕಡ್ಡಿ ಸೇರಿಸಿ ಕಟ್ಟಿಕೊಳ್ಳುವ ಮನೆಗಳನ್ನು ನೋಡುತ್ತ ಹೋದ. ಅವುಗಳ ಬಗ್ಗೆ 1880ರ ಹೊತ್ತಿಗೆ ಬರೆದದ್ದನ್ನು ಇಂದಿಗೂ ತಜ್ಞರು ತೆಗೆದು ನೋಡುತ್ತಾರೆ. ಡಾರ್ವಿನ್ನನೇ ಅವನ ಕಣ್ಣನ್ನು ಹೊಗಳಿ ಕಾಗದ ಬರೆಯುತ್ತಿದ್ದ. ದೊಡ್ಡ ಪ್ರಯೋಗಾಲಯ ಇದ್ದರೆ ಮಾತ್ರ ಈ ಕೆಲಸ ಎಂದು ನನ್ನೆದುರು ಗೊಣಗಬೇಡ.

ಈಗ ಚೀಟಿ. ನಿನ್ನ ಶೀಶೆಗಳ ಮೇಲೆ 'ಹುಳ 1', 'ಹುಳ 2' ಎಂದು ಬರೆದಿದ್ದೀಯ. ಯಾವ ಊರಿನ ಹುಳವಪ್ಪಾ ಅದು? ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಶೀಶೆಯ ಒಳಗೇ ಹಾಕು. ಮಸ್ಕಿ ಹಳ್ಳವೋ, ನಾರಾಯಣಪುರ ಬಲದಂಡೆ ಕಾಲುವೆಯೋ, ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಬಳಿ ಕೃಷ್ಣೆಯ ಮಡುವೋ ಬರೆ. ಅಕ್ಷಾಂಶ, ರೇಖಾಂಶ, ತಾರೀಖು, ನಿನ್ನ ಹೆಸರು. ನೀರು ನಿಂತಿತ್ತೋ ಹರಿಯುತ್ತಿತ್ತೋ, ಕೆಳಗೆ ಕಲ್ಲೋ ಕೆಸರೋ, ಅದೂ ಇರಲಿ. ಸ್ಪಿರಿಟ್ ಬೇಕಾದರೆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೇಳು. ಅಂಗಡಿಯಲ್ಲಿ ಸಿಗುವ ಸರಕು ಇದಕ್ಕೆ ಸಾಲದು, ಹೆಚ್ಚು ವಿವರ ಕೇಳಬೇಡ.

ಚೀಟಿ ಯಾಕೆ ಎನ್ನುತ್ತೀಯಾ? ಮಸ್ಕಿಯಲ್ಲಿ ಇದ್ದುಕೊಂಡು ಈ ಪ್ರಶ್ನೆ ಕೇಳಬಾರದು. 1837ರಲ್ಲಿ ಪ್ರಿನ್ಸೆಪ್ ಎಂಬಾತ ಹಳೆಯ ಬ್ರಾಹ್ಮಿ ಲಿಪಿ ಓದಿದ. ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಎಂಬ ರಾಜ. ಸಿಂಹಳದ ಗ್ರಂಥಗಳನ್ನು ನೋಡಿ, ಅವನು ಅಶೋಕನೇ ಇರಬೇಕು ಎಂದರು. ಊಹೆ ಸರಿಯಾಗಿತ್ತು, ಆದರೂ ಊಹೆಯೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದಾಗ ಮಸ್ಕಿಯ ಬಂಡೆ ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು. ವಾದ ಅಲ್ಲಿಗೆ ಮುಗಿಯಿತು. ಹುಳಗಳ ಲೋಕದಲ್ಲಿ ಆ ಬಂಡೆಯ ಕೆಲಸ ಮಾಡುವುದು ಹೆಸರಿಡುವಾಗ ಎತ್ತಿಡುವ ಮೂಲ ಮಾದರಿ; ಅದನ್ನು ಹೋಲೋಟೈಪ್ ಎನ್ನುತ್ತಾರೆ. ನಾಳೆ ಯಾರಿಗೆ ಅನುಮಾನ ಬಂದರೂ ಆ ಒಂದು ಹುಳವನ್ನು ತೆಗೆದು ನೋಡಬೇಕು. ಚೀಟಿಯಿಲ್ಲದ ಹುಳ ಆ ಜಾಗದಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಎಲ್ಲವನ್ನೂ ನಿನ್ನ ಟ್ರಂಕಿನಲ್ಲಿ ಬಚ್ಚಿಡಬೇಡ. ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ 2018ರ ಸೆಪ್ಟೆಂಬರ್ 2ರಂದು ಬೆಂಕಿ ಬಿತ್ತು. ತಲೆಮಾರುಗಳಿಂದ ಕೂಡಿಸಿದ ಕೀಟಗಳಲ್ಲಿ ಬಹುಪಾಲು ಬೂದಿಯಾಯಿತು. ಮೂಲ ಮಾದರಿಯ ಜೊತೆ ಹಿಡಿದ ಉಳಿದ ಮಾದರಿಗಳನ್ನು ಬೇರೆ ಬೇರೆ ಕಡೆ ಹಂಚಿ ಇಡಬೇಕೆನ್ನುವುದು ಇದಕ್ಕೇ. ನಮ್ಮಲ್ಲಿ ಕಾನೂನೂ ಇದೆ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಕಂಡವರು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಕೋಲ್ಕತ್ತದಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಇದೆ. ಕಾಗದ ಬರೆ. ಅಂತರ್ಜಾಲದ ಗುಂಪಿಗೆ ಹಾಕಿ ಲೈಕ್ ಎಣಿಸುವುದಕ್ಕಿಂತ ಅದು ಮೇಲು.

ಓದುವುದನ್ನೂ ಬಿಡಬೇಡ. ಏರೋಪ್ಲೇನ್ ಚಿಟ್ಟೆಗಳಿಗೆ ಫ್ರೇಜರ್ 1933ರಿಂದ 1936ರವರೆಗೆ ಬರೆದ ಮೂರು ಸಂಪುಟಗಳಿವೆ. ನೀರುಹುಳಗಳ ಕುಟುಂಬ ಗುರುತಿಸಲು ಸುಬ್ರಮಣಿಯನ್, ಶಿವರಾಮಕೃಷ್ಣನ್ 2007ರಲ್ಲಿ ಬರೆದ ಸಣ್ಣ ಕೈಪಿಡಿ ಇದೆ. ಬೆಂಗಳೂರಿನ ಏಟ್ರೀ ಸಂಸ್ಥೆ ಹೊರತಂದದ್ದು. ಮುಂಗಾರಿನ ಜೊತೆ ನಮ್ಮ ಗದ್ದೆಗಳ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ ಇದೆಯಲ್ಲ, ಪ್ಯಾಂಟಾಲಾ ಫ್ಲೇವೆಸೆನ್ಸ್, ಅದಕ್ಕೆ 1798ರಲ್ಲಿ ಹೆಸರಿಟ್ಟವನೂ ಅದೇ ಫ್ಯಾಬ್ರಿಸಿಯಸ್. ಅದು ಬ್ರೆಜಿಲ್‌ನಲ್ಲೂ ಇದೆ, ಆಫ್ರಿಕದಲ್ಲೂ ಇದೆ. ನಿನ್ನ ಊರಿನ ಹುಳ ನಿನ್ನೂರಿನದೇ ಆಗಿರಬೇಕೆಂದಿಲ್ಲ. ಇಡೀ ಲೋಕದ ಪಟ್ಟಿ ತಿರುವಿದ ಮೇಲೇ 'ಹೊಸದು' ಎನ್ನುವ ಮಾತು.

ಇನ್ನು ನಿಜ ಹೇಳುತ್ತೇನೆ, ಬೇಜಾರಾಗಬೇಡ. ನೀನು ಹಿಡಿಯುವುದರಲ್ಲಿ ಹೆಚ್ಚಿನವು ಹೆಸರಿರುವ ಹುಳಗಳೇ ಆಗಿರುತ್ತವೆ. ಆದರೂ ಕೆಲಸ ದಂಡವಲ್ಲ. ಪಶ್ಚಿಮಘಟ್ಟದ ತೊರೆಗಳಿಗೆ ಬಲೆ ಹಿಡಿದು ಹೋಗುವವರು ಬಹಳ. ರಾಯಚೂರು ಸೀಮೆಯ ಹಳ್ಳಕ್ಕೆ ಇಳಿಯುವವರು ಕಡಿಮೆ. ಇಲ್ಲಿ ಏನಿದೆ ಎಂಬ ಸರಿಯಾದ ಪಟ್ಟಿಯೇ ದೊಡ್ಡ ಕಾಣಿಕೆ. ಹೊಸದು ಬೇಕೇಬೇಕೆಂದರೆ ದೊಡ್ಡ ಹುಳ ಬಿಟ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಡಿಸ್, ನುಸಿಗಳ ಕಡೆ ನೋಡು. ಕತ್ತಲಾದ ಮೇಲೆ ಹಳ್ಳದ ಪಕ್ಕ ಬಿಳಿ ಬಟ್ಟೆ ಕಟ್ಟಿ, ಬಲ್ಬ್ ಹಚ್ಚು. ತಾವಾಗಿ ಬಂದು ಕೂರುತ್ತವೆ.

ತುಂಗಭದ್ರಾ ಎಡದಂಡೆಯ ದೊಡ್ಡ ಕಾಲುವೆಗೆ ಮಾತ್ರ ಇಳಿಯಬೇಡ. ಅದರ ಸೆಳೆತಕ್ಕೆ ಈಜು ಬಂದವನೂ ಸಾಲುವುದಿಲ್ಲ. ಕಾಲುವೆ ಬಂದಾದಾಗ ಅಲ್ಲಲ್ಲಿ ಉಳಿಯುವ ಗುಂಡಿಗಳಲ್ಲಿ ನೋಡು, ಹುಳಗಳೆಲ್ಲ ಅಲ್ಲಿಗೇ ಬಂದು ಸೇರಿರುತ್ತವೆ. ಔಷಧಿ ಹೊಡೆದ ಗದ್ದೆಗೆ ಆ ವಾರ ಕಾಲಿಡಬೇಡ. ಅಲ್ಲಿ ಹುಳ ಸಿಗಲಿಲ್ಲವೆಂದು ಬರೆದರೆ ಅದು ಹುಳದ ಲೆಕ್ಕವಲ್ಲ, ಔಷಧಿಯ ಲೆಕ್ಕ. ಈ ವರ್ಷ ಒಂದೇ ಹಳ್ಳ ಹಿಡಿ, ಮಸ್ಕಿ ಹಳ್ಳ ಸಾಕು. ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಹೋಗು, ಮುಂದಿನ ಮುಂಗಾರಿಗೆ ಶೀಶೆಗಳನ್ನು ತಂದು ತೋರಿಸು. ಅಜ್ಜಿಯ ಹೆಸರಿನ ಮಾತು ಆಮೇಲೆ ಆಡೋಣ.